ಅಡ್ಡ ಎಲೆ, ನಿಂತ ಬೆಟ್ಟ

ನಮ್ಮ ಮಾವನವರ ಪ್ರಕಾರ ಲೋಕದಲ್ಲಿ ಎರಡೇ ಜಾತಿಯ ಫೋಟೊಗಳಿದ್ದವು. ಮಲಗಿದ ಫೋಟೊ, ನಿಂತ ಫೋಟೊ. ಕ್ಯಾಮೆರಾವನ್ನು ಅಡ್ಡಕ್ಕೆ ಹಿಡಿದು ತೆಗೆದದ್ದು ಮಲಗಿದ ಫೋಟೊ. ಅದನ್ನೇ ತಿರುಗಿಸಿ ಉದ್ದಕ್ಕೆ ಹಿಡಿದು ತೆಗೆದರೆ ನಿಂತ ಫೋಟೊ. ಮೊದಲನೆಯದು ಕಲೆ, ಎರಡನೆಯದು ಅರ್ಜಿಗೆ ಅಂಟಿಸುವಂಥದ್ದು. ಈ ವಿಷಯದಲ್ಲಿ ಅವರ ಜೊತೆ ವಾದ ಮಾಡಿ ಗೆದ್ದವರು ಮುಂಬೈ ಪಕ್ಕದ ನಮ್ಮ ಇಡೀ ಠಾಣೆ ಊರಿನಲ್ಲಿ ಯಾರೂ ಇಲ್ಲ. ನಾನಂತೂ ಮದುವೆಯಾಗಿ ಬಂದ ಹೊಸದರಲ್ಲೇ ಸೋತು ಸುಮ್ಮನಾದವಳು.

"ಭೂಮಿತಾಯಿ ಆರಾಮಾಗಿ ಮಲಗಿದಾಳಮ್ಮ ಸಂಯುಕ್ತಾ, ಅವಳನ್ನ ಎಬ್ಬಿಸಿ ನಿಲ್ಲಿಸೋಕೆ ನಾನ್ಯಾರು?" ಎನ್ನುತ್ತಿದ್ದರು.

ಮಾವನವರ ಹೆಸರು ಲೋಕನಾಥ. ಮೈಸೂರಿನವರು. ಚಿಕ್ಕ ವಯಸ್ಸಿನಲ್ಲಿ ವಿಮಾ ಕಂಪನಿಯೊಂದರ ನೌಕರಿ ಹಿಡಿದು ಈ ಕಡೆ ಬಂದು, ವರ್ತಕ ನಗರದಲ್ಲಿ ಮನೆ ಮಾಡಿ, ಇಲ್ಲೇ ನಿವೃತ್ತರಾದವರು. ಜೊತೆಯವರು ನಿವೃತ್ತಿಯಾದ ಮೇಲೆ ಕಾಶಿಗೆ ಹೋಗುವ ಮಾತಾಡುತ್ತಿದ್ದರೆ ಇವರು ಒಂದು ಡಿಜಿಟಲ್ ಕ್ಯಾಮೆರಾ ತಂದರು. ಬೆಟ್ಟ, ಖಾಡಿ ಎನ್ನುವ ಇಲ್ಲಿನ ಕಡಲ ಹಿನ್ನೀರು, ಮೋಡ ಇಷ್ಟೇ ಅವರ ಪ್ರಪಂಚ. ಮನುಷ್ಯರನ್ನು ತೆಗೆಯುತ್ತಿರಲಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಮಾವನವರು ತೆಗೆದದ್ದು ಅಂತ ಒಂದೇ ಒಂದು ಫೋಟೊ ಇದೆ. ಅದರಲ್ಲಿ ಛತ್ರದ ಹಿಂದಿನ ಕೆರೆ ಇದೆ, ನಾವಿಲ್ಲ.

ಅವರದು ಇನ್ನೊಂದು ನಿಯಮವೂ ಇತ್ತು. ಚಿತ್ರದ ಮುಖ್ಯ ಸಂಗತಿ ಯಾವತ್ತೂ ಎಡಗಡೆ ಇರಬೇಕು. "ಓದೋದು ಎಡದಿಂದ ತಾನೆ? ಕಣ್ಣು ಬಾಗಿಲಿಂದ ಒಳಗೆ ಬಂದ ತಕ್ಷಣ ಯಜಮಾನ ಕಾಣಬೇಕು. ಮಿಕ್ಕವರೆಲ್ಲ ಬಲಗಡೆ ಸಾಲಾಗಿ ಕೂರಲಿ" ಎಂಬುದು ಅವರ ಶಾಸ್ತ್ರ.

ಇಂಥ ಮನುಷ್ಯನ ಕಣ್ಣೆದುರಿಗೇ ಒಂದು ಅನ್ಯಾಯ ನಡೆದಿತ್ತು. ಅವರು ಈ ಮನೆ ಕೊಂಡಾಗ ಬಾಲ್ಕನಿಯಿಂದ ಯೇವೂರಿನ ಬೆಟ್ಟಸಾಲು ಆ ತುದಿಯಿಂದ ಈ ತುದಿಯವರೆಗೆ ಕಾಣುತ್ತಿತ್ತಂತೆ. ನಾನು ಬರುವ ಹೊತ್ತಿಗೆ ಒಂದೊಂದೇ ಟವರ್ ಎದ್ದು, ಎರಡು ಕಟ್ಟಡಗಳ ನಡುವೆ ಬಾಗಿಲ ಸಂದಿಯಷ್ಟು ಬೆಟ್ಟ ಉಳಿದಿತ್ತು. "ಬಿಲ್ಡರ್‌ಗಳು ಸೇರ್ಕೊಂಡು ನನ್ನ ಬೆಟ್ಟಾನ ನಿಲ್ಲಿಸಿಬಿಟ್ರು" ಎಂದು ಗೊಣಗಿ ಮಾವ ಬಾಲ್ಕನಿಯ ಪರದೆ ಎಳೆದುಬಿಡುತ್ತಿದ್ದರು.

ಅತ್ತೆ ಶಾಂತಮ್ಮನವರಿಗೆ ಫೋಟೊಗ್ರಫಿಯ ಗಂಧಗಾಳಿ ಇರಲಿಲ್ಲ. ಆದರೂ ಮಾವ ತೆಗೆದ ಪ್ರತಿ ಚಿತ್ರವೂ ಮೊದಲು ಅವರ ಮುಂದೆ ಹಾಜರಾಗಬೇಕು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಸಾರಿನ ರುಚಿ ನೋಡುವ ಹಾಗೆ ನೋಡಿ ತೀರ್ಪು ಕೊಡುತ್ತಿದ್ದರು. "ಸಪ್ಪೆ." "ಉಪ್ಪು ಒಂಚೂರು ಮುಂದು." ಯಾವಾಗಲೋ ಒಮ್ಮೆ, "ಉಪ್ಪು ಸರಿಯಿದೆ." ಆ ಮೂರನೆಯ ತೀರ್ಪು ಬಂದ ದಿನ ಮಾವ ತಾವೇ ಕಾಫಿ ಬೆರೆಸಿ ಎಲ್ಲರಿಗೂ ಕೊಡುತ್ತಿದ್ದರು. ಫೋಟೊ ಕ್ಲಬ್ಬಿನವರು ಕೊಟ್ಟ ಪ್ರಶಸ್ತಿಪತ್ರಗಳು ಬೀರುವಿನ ಹಿಂದೆ ಧೂಳು ತಿನ್ನುತ್ತಿದ್ದವು. ಅವರಿಗೆ ಬೇಕಾದದ್ದು ಇದೊಂದೇ ಬಾಯಿಯ ಮಾತು.

ಉಪ್ಪಿನ ಭಾಷೆ ಸುಮ್ಮನೆ ಬಂದದ್ದಲ್ಲ. ಹೇರಳೆಕಾಯಿ ಉಪ್ಪಿನಕಾಯಿ ಇಲ್ಲದೆ ಅತ್ತೆಗೆ ತುತ್ತು ಇಳಿಯುತ್ತಿರಲಿಲ್ಲ. ಬಿ.ಪಿ. ಇದೆ, ಬಿಡಿ ಎಂದು ಡಾಕ್ಟರು ಹೇಳಿದಾಗ, "ಊಟಾನೇ ಬಿಡ್ತೀನಿ, ಇದನ್ನ ಬಿಡಲ್ಲ" ಎಂದು ಅವರ ಮುಖಕ್ಕೇ ಹೇಳಿ ಬಂದ ಹೆಂಗಸು.

ಎರಡು ಸಾವಿರದ ಹನ್ನೊಂದರ ಮಳೆಗಾಲದ ಕೊನೆಯಲ್ಲಿ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಕುಸಿದು ಬಿದ್ದರು. ಮಾವ ಮನೆಯಲ್ಲಿರಲಿಲ್ಲ. ಮೊದಲ ಲೋಕಲ್ ಟ್ರೈನು ಹಿಡಿದು ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಆಟೊದಲ್ಲಿ ಮಲಂಗಗಡ ಬೆಟ್ಟದ ಬುಡಕ್ಕೆ ಹೋಗಿ, ಮೋಡ ಸರಿಯುವುದನ್ನು ಕಾಯುತ್ತ ಕೂತಿದ್ದರು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನಾನೂ ನನ್ನ ಗಂಡ ಅಭಿಯೂ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿ, ಫೋನ್ ಮಾಡಿ ಮಾಡಿ ಸೋತೆವು. ಸಂಜೆ ಮಾವ ಕೆಸರಿನ ಬೂಟಿನಲ್ಲೇ, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡೇ ವಾರ್ಡಿಗೆ ಬಂದರು. ನರ್ಸು ಬೂಟು ಬಿಚ್ಚಿ ಎಂದು ಮರಾಠಿಯಲ್ಲಿ ಬೈದರೂ ಅವರಿಗೆ ಕೇಳಿಸಲಿಲ್ಲ.

ಸಣ್ಣದರಲ್ಲಿ ಹೋಯಿತು ಎಂದರು ಡಾಕ್ಟರು. ಮೆದುಳಿಗೆ ರಕ್ತ ಹೋಗುವಲ್ಲಿ ತಡೆಯಾಗಿತ್ತಂತೆ. ಕೈ ಎತ್ತಿಸಿದರು, ನಗಿಸಿದರು, ಮಕ್ಕಳ ಹೆಸರು ಕೇಳಿದರು. ಅತ್ತೆ ಎಲ್ಲದರಲ್ಲೂ ಪಾಸು. ದೇವರು ದೊಡ್ಡವನು ಎಂದು ಮನೆಗೆ ಕರೆತಂದೆವು.

ಮಾವ ಕ್ಷಮಿಸು ಎಂದು ಹೇಳಲು ಬಾರದ ಕಾಲದ ಗಂಡಸು. ಫೋಟೊ ಹೇಳಲಿ ಎಂದುಕೊಂಡರು. ಆ ದಿನ ಮಲಂಗಗಡದಲ್ಲಿ ತೆಗೆದ ಚಿತ್ರವನ್ನು ಸ್ಟೇಷನ್ನಿನ ಹತ್ತಿರದ ಲ್ಯಾಬಿನಲ್ಲಿ ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ, ಅತ್ತೆಯ ಮಂಚದ ಎದುರಿನ ಗೋಡೆಗೆ ತೂಗುಹಾಕಿದರು. ಎಡಗಡೆ ಕಪ್ಪಗೆ, ಚೂಪಾಗಿ ಮಲಂಗಗಡ. ಅದರ ಹೆಗಲಿನಿಂದ ಹೊರಟ ಬಿಳಿ ಮೋಡ ಬಲಗಡೆಗೆ, ಹಾಲು ಉಕ್ಕಿದ ಹಾಗೆ, ಚಿತ್ರದ ತುದಿಯವರೆಗೂ ಹರಿದಿತ್ತು.

ಅತ್ತೆ ದಿಂಬಿಗೆ ಒರಗಿ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು, "ಬರೀ ಮೋಡ. ಇದರಲ್ಲಿ ಏನೂ ಇಲ್ವಲ್ರೀ."

ಸಪ್ಪೆ ಎಂದಿದ್ದರೂ ಮಾವ ತಡೆದುಕೊಳ್ಳುತ್ತಿದ್ದರು. ಏನೂ ಇಲ್ಲ ಎಂದದ್ದು ಅವರಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವತ್ತು ಸಂಜೆ ಅವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಸ್ಟೂಲು ಹತ್ತಿ, ಬಚ್ಚಲುಮನೆಯ ಮೇಲಿನ ಅಟ್ಟದಲ್ಲಿ ಇಟ್ಟುಬಿಟ್ಟರು. ನಾನು ಕೆಳಗೆ ಸ್ಟೂಲು ಹಿಡಿದುಕೊಂಡಿದ್ದೆ.

"ಅವಳು ಸರಿಯಾಗೇ ಹೇಳಿದ್ಲಮ್ಮ," ಎಂದರು ಇಳಿಯುತ್ತ. "ಏನೂ ಇಲ್ಲದ್ದಕ್ಕೆ ಅವಳನ್ನ ಒಬ್ಬಳೇ ಬಿಟ್ಟು ಹೋಗಿದ್ದೆ. ಇನ್ನು ಅವಳು ನನ್ನ ಫೋಟೊ ನೋಡಲ್ಲ."

"ಹಾಗೆಲ್ಲ ಅಂದ್ಕೋಬೇಡಿ ಮಾವ, ಹುಷಾರಿಲ್ಲದ ಬಾಯಲ್ಲಿ ಏನೋ ಬಂತು" ಎಂದೆ. ಆದರೆ ನನಗೂ ಹಾಗೇ ಅನ್ನಿಸಿತ್ತು. ನಾನಾಗಿದ್ದರೂ ಅಷ್ಟು ಬೇಗ ಕ್ಷಮಿಸುತ್ತಿರಲಿಲ್ಲ.

ತಿಂಗಳುಗಳು ಕಳೆದವು. ಮಾವ ಹೊಸದಾಗಿ ಏನೂ ತೆಗೆಯಲಿಲ್ಲ. ಹಳೆಯ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ ಅತ್ತೆ, "ಚೆನ್ನಾಗಿದೆ ಬಿಡಿ" ಎಂದು ಮುಖ ತಿರುಗಿಸುತ್ತಿದ್ದರು. ಬಂದ ನೆಂಟರಿಗೆ ಹೇಳುವ ಮಾತು ಅದು. ಸಪ್ಪೆ ಎನ್ನುವಷ್ಟು ಸಲಿಗೆಯೂ ತನ್ನ ಪಾಲಿಗೆ ಉಳಿದಿಲ್ಲ ಎಂದು ಮಾವ ಕುಗ್ಗಿಹೋದರು. ಬೆಳಿಗ್ಗೆ ಎದ್ದು ಬಾಲ್ಕನಿಯ ಪರದೆಯ ಈಚೆ ಕೂತುಬಿಡುತ್ತಿದ್ದರು. ಅಟ್ಟದ ಮೇಲಿನ ಚೀಲ ಇನ್ನು ಇಳಿಯುತ್ತದೆ ಎಂಬ ಆಸೆ ನಮಗೆ ಯಾರಿಗೂ ಇರಲಿಲ್ಲ.

ಅತ್ತೆಯೂ ಬದಲಾಗಿದ್ದರು. ಕನ್ನಡ ಪೇಪರಿಗಾಗಿ ಬಾಗಿಲು ಕಾಯುತ್ತಿದ್ದವರು ಈಗ ಅದನ್ನು ಮುಟ್ಟುತ್ತಿರಲಿಲ್ಲ. ಊಟದಲ್ಲಿ ಅರ್ಧ ಹಾಗೇ ಬಿಡುತ್ತಿದ್ದರು. ನಡೆಯುವಾಗ ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಪವಾಡವೆಂದರೆ, ತಟ್ಟೆಗೆ ಬಡಿಸಿದ ಉಪ್ಪಿನಕಾಯಿಯನ್ನು ಮುಟ್ಟುತ್ತಲೇ ಇರಲಿಲ್ಲ! ನಾನು ಬೆಂಗಳೂರಿಗೆ ಫೋನ್ ಮಾಡಿ ನಮ್ಮಮ್ಮನ ಹತ್ತಿರ ಹೊಗಳಿದ್ದೇ ಹೊಗಳಿದ್ದು, ನೋಡು, ನಮ್ಮ ಅತ್ತೆಗೆ ಎಷ್ಟು ಮನಸ್ಸು ಗಟ್ಟಿ ಅಂತ.

ಹಗಲು ಅತ್ತೆಯ ಜೊತೆಗಿರಲು ಅನಸೂಯಾ ಬರುತ್ತಿದ್ದಳು. ಕಲಬುರಗಿ ಕಡೆಯವಳು, ಗಂಡ ರಬಾಳೆಯ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಅವಳದು ಅವಳದೇ ದುಃಖ.

"ಅಮ್ಮಾರಿಗಿ ನನ್ ಮ್ಯಾಲ ಸಿಟ್ಟ ಅದ ನೋಡ್ರಿ ಅಕ್ಕಾರ," ಎಂದಳು ಒಂದು ದಿನ. "ಬಾಜೂಕ ನಿಂತು ಮಾತಾಡ್ಸಿದ್ರ ಹೊಳ್ಳಿ ಸೈತ ನೋಡಂಗಿಲ್ಲ. ಒಮ್ಮೊಮ್ಮಿ ಭಾಳ ಛಲೋ ಮಾತಾಡ್ತಾರ. ನಾ ಏನ್ ತಪ್ಪ ಮಾಡೀನಿ ಹೇಳ್ರಿ?"

ಹೀಗೆ ಎಲ್ಲರೂ ಅವರವರ ಮೂಗಿನ ನೇರಕ್ಕೆ ಅರ್ಥ ಮಾಡಿಕೊಂಡೆವು. ಅನಸೂಯಾ ಸಿಟ್ಟು ಎಂದಳು. ಅಭಿ ಇಂಟರ್ನೆಟ್ಟಿನಲ್ಲಿ ಓದಿ ಡಿಪ್ರೆಶನ್ ಎಂದ. ನಾನು ಪಥ್ಯ ಎಂದೆ. ಮಾವ ಏನೂ ಹೇಳಲಿಲ್ಲ, ಅವರಿಗೆ ಉತ್ತರ ಗೊತ್ತಿತ್ತಲ್ಲ!

ಮರುವರ್ಷದ ಶ್ರಾವಣದಲ್ಲಿ, ಅತ್ತೆ ಚೇತರಿಸಿಕೊಂಡರೆ ಮಾಡಿಸುತ್ತೇವೆಂದು ಹೇಳಿಕೊಂಡಿದ್ದ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಅಭಿ ಬೆಳಿಗ್ಗೆಯೇ ಜಾಂಭಳಿ ನಾಕಾದ ಮಾರುಕಟ್ಟೆಗೆ ಹೋಗಿ ಹೂವು, ಬಾಳೆ ಎಲೆ ತಂದ. ಪೂಜೆಗೆ ದಂಪತಿ ಕೂರುವಾಗ ಹೆಂಡತಿ ಗಂಡನ ಬಲಕ್ಕೆ ಕೂರಬೇಕು, ಅದು ಕ್ರಮ. ಹಾಗಾಗಿ ಮಾವ ಅತ್ತೆಯ ಎಡಗಡೆಗೆ ಬಂದರು. ಪುರೋಹಿತರು ಸಂಕಲ್ಪ ಶುರು ಮಾಡಿದ್ದರು, ಅಷ್ಟರಲ್ಲಿ ಅತ್ತೆ ಜೋರಾಗಿ ಕೇಳಿದರು:

"ಇವರೆಲ್ಲಿ? ಪೂಜೆ ಬಿಟ್ಟು ಮತ್ತೆ ಬೆಟ್ಟಕ್ಕೆ ಹೋದ್ರಾ?"

ಕೂತವರೆಲ್ಲ ನಕ್ಕರು. ಪುರೋಹಿತರೂ ಮಂತ್ರ ನಿಲ್ಲಿಸಿ ನಕ್ಕರು. ಅತ್ತೆಯ ಹಾಸ್ಯ ವಾಪಸು ಬಂತು ಎಂದು ನನಗೂ ಖುಷಿಯಾಯಿತು. ಮಾವನ ಕಿವಿ ಮಾತ್ರ ಕೆಂಪಾಯಿತು. "ಇಲ್ಲೇ ಇದೀನಲ್ಲೇ" ಎಂದರು ಮೆಲ್ಲಗೆ. ಅತ್ತೆ ಬೆಚ್ಚಿ ಅವರ ಕಡೆ ತಿರುಗಿದರು. ಆ ಬೆಚ್ಚಿದ್ದನ್ನು ನಾನು ನೋಡಿದೆ, ಆದರೆ ಅದರ ಅರ್ಥ ಆಗಲಿಲ್ಲ.

ಬಂದವರೆಲ್ಲ ಪ್ರಸಾದ ತೆಗೆದುಕೊಂಡು ಹೋದ ಮೇಲೆ ಮನೆಯವರು ಊಟಕ್ಕೆ ಕೂತರು. ನೆಲದ ಮೇಲೆ ಕೂರಲು ಅತ್ತೆಗೆ ಆಗದು. ಮೇಜಿನ ಮೇಲೆಯೇ ಎಲೆ ಹಾಕಿದೆ. ಎಲೆ ಅಡ್ಡಕ್ಕೆ, ಅದರ ಕುಡಿ ಊಟ ಮಾಡುವವರ ಎಡಗಡೆಗೆ. ಎಡತುದಿಯಲ್ಲಿ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಚಟ್ನಿ, ಚಿತ್ರಾನ್ನ. ಬಲಕ್ಕೆ ಪಲ್ಯ, ಗೊಜ್ಜು, ತುದಿಗೆ ಪಾಯಸ. ನಮ್ಮಜ್ಜಿ ಹೊಡೆದು ಕಲಿಸಿದ ಕ್ರಮ, ನಿದ್ದೆಗಣ್ಣಿನಲ್ಲೂ ತಪ್ಪುವುದಿಲ್ಲ.

ನಾನು ಸಾರಿನ ಪಾತ್ರೆ ಹಿಡಿದು ಬಂದಾಗ ಅತ್ತೆ ಕೈ ನಿಲ್ಲಿಸಿ ಕೂತಿದ್ದರು.

"ಸಂಯುಕ್ತಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು. "ಸತ್ಯನಾರಾಯಣನ ದಿನಾನೂ ನನಗೆ ಉಪ್ಪಿನಕಾಯಿ ಇಲ್ವೇನಮ್ಮ?"

"ಅತ್ತೆ! ಬಡಿಸಿದೀನಲ್ಲ!"

"ಎಲ್ಲಿ ಬಡಿಸಿದೀಯಾ? ವರ್ಷ ಆಯ್ತು, ಒಂದು ಚೂರು ಹಾಕಿಲ್ಲ ನೀನು. ಡಾಕ್ಟ್ರು ಹೇಳಿರ್ತಾರೆ, ಸೊಸೆ ನನ್ನ ಒಳ್ಳೇದಕ್ಕೇ ಮಾಡ್ತಾಳೆ ಅಂತ ನುಂಗ್ಕೊಂಡಿದೀನಿ. ಬಾಯಿಬಿಟ್ಟು ಕೇಳೋಕೆ ನಾಚಿಕೆ. ಇವತ್ತೂ ಹಾಕ್ಲಿಲ್ವಲ್ಲ ಅಂತ ತಡ್ಕೊಳೋಕಾಗ್ಲಿಲ್ಲ."

ನಾನು ಅವರ ಎಲೆ ನೋಡಿದೆ. ಬಲಗಡೆಯ ಅರ್ಧ ಗುಡಿಸಿದ ಹಾಗೆ ಖಾಲಿ. ಎಡಗಡೆಯ ಅರ್ಧ ನಾನು ಬಡಿಸಿದ ಹಾಗೇ ಇತ್ತು; ಉಪ್ಪಿನ ಗುಪ್ಪೆಯೂ ಕದಡಿರಲಿಲ್ಲ. ನಡುವೆ ಯಾರೋ ಗೆರೆ ಎಳೆದಂತಿತ್ತು. ಪೇಪರು, ಬಾಗಿಲ ಚೌಕಟ್ಟು, ಅನಸೂಯಾಳ ದೂರು, ಪೂಜೆಯಲ್ಲಿ ಬೆಚ್ಚಿದ್ದು, ಎಲ್ಲ ಒಂದರ ಹಿಂದೆ ಒಂದು ನೆನಪಾದವು.

ಸಾರಿನ ಪಾತ್ರೆ ಕೆಳಗಿಟ್ಟು ಅತ್ತೆಯ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ.

"ಏನಮ್ಮ ಇದು, ಊಟದ ಮಧ್ಯೆ ಎಲೆ ತಿರುಗಿಸ್ತಾರಾ!" ಎಂದು ಮಾವ ಹೌಹಾರಿದರು. ಅಶುಭ ಎಂದು ನನಗೂ ಗೊತ್ತು. ಬಿಡಲಿಲ್ಲ. ಎಡಕ್ಕಿದ್ದ ಕುಡಿಯನ್ನು ಅತ್ತೆಯಿಂದ ಆಚೆಗೆ, ಮೇಲ್ಗಡೆಗೆ ತಂದು ಇಟ್ಟೆ. ಅಡ್ಡ ಇದ್ದ ಎಲೆ ಅವರ ಮುಂದೆ ಉದ್ದಕ್ಕೆ ನಿಂತಿತು.

ಅತ್ತೆ ಬಗ್ಗಿ ನೋಡಿದರು. "ಅಯ್ಯೋ, ಇಷ್ಟೆಲ್ಲ ಎಲ್ಲಿತ್ತೇ?" ಎಂದರು. ಕೈ ಚಾಚಿ ಒಂದು ಹೋಳು ಹೇರಳೆಕಾಯಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ವರ್ಷವಿಡೀ ಆ ಜೀವ ಬಾಯಿ ಬಿಡದೆ ಸಹಿಸಿಕೊಂಡಿತ್ತಲ್ಲ, ನಾನು ಅದನ್ನೇ ಊರಿಗೆಲ್ಲ ಹೊಗಳಿಕೊಂಡು ತಿರುಗಿದೆನಲ್ಲ ಎಂದು ನನಗೆ ಅಳು ಬಂತು. ಅಭಿ ಏನಾಯಿತು, ಏನಾಯಿತು ಎಂದು ಕೇಳುತ್ತಲೇ ಇದ್ದ.

ಮಾವ ಕೇಳಲಿಲ್ಲ. ಜೀವಮಾನವೆಲ್ಲ ಚೌಕಟ್ಟಿನ ಒಳಗೆ ಏನಿದೆ, ಹೊರಗೆ ಏನಿದೆ ಎಂದು ನೋಡಿದವರು. ನಮಗಿಂತ ಮೊದಲು ಅವರಿಗೆ ಅರ್ಥವಾಯಿತು. ಊಟದಿಂದ ನಡುವೆ ಏಳಬಾರದು ಎಂದು ಮಗನಿಗೆ ಗದರುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಒಳಗೆ ಹೋದರು. ಎಡಗೈಯಲ್ಲಿ ಎತ್ತಿ, ಎದೆಗೆ ಒತ್ತಿ ಹಿಡಿದುಕೊಂಡು ಮಲಂಗಗಡದ ಫೋಟೊ ತಂದರು. ಎಲೆ ತಿರುಗಿಸಿದ ಹಾಗೆಯೇ ಅದನ್ನು ತಿರುಗಿಸಿ, ಎಡಗಡೆ ಮೇಲಕ್ಕೆ ಬರುವಂತೆ, ಉದ್ದಕ್ಕೆ ನಿಲ್ಲಿಸಿ ಅತ್ತೆಯ ಮುಂದೆ ಹಿಡಿದರು.

"ನೋಡು ಶಾಂತಾ. ಏನಿದೆ ಇದರಲ್ಲಿ?"

"ಇದೇನ್ರೀ ಇದು," ಎಂದರು ಅತ್ತೆ, "ಇಷ್ಟು ದೊಡ್ಡ ಬೆಟ್ಟ ಪಕ್ಕಕ್ಕೆ ಉರುಳಿಬಿದ್ದಿದೆ!" ಆಮೇಲೆ ಕನ್ನಡಕ ಸರಿಮಾಡಿಕೊಂಡು ಇನ್ನೂ ಹತ್ತಿರ ಬಾಗಿ, ಬೇಸರದಿಂದ ಕೇಳಿದರು, "ಇಂಥ ಬೆಟ್ಟ ಯಾವಾಗ ತೆಗೆದ್ರಿ? ನನಗೆ ಯಾಕೆ ತೋರಿಸ್ಲೇ ಇಲ್ಲ?"

ಮಾವ ಫೋಟೊ ಹಿಡಿದುಕೊಂಡೇ ಅತ್ತರು. ನಾನು ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಗೋಡೆಯ ಮೇಲೆ ವರ್ಷದಿಂದ ಎದುರಿಗೇ ಇದ್ದ ಬೆಟ್ಟ ಅತ್ತೆಗೆ ಕಂಡೇ ಇರಲಿಲ್ಲ. ಏನೂ ಇಲ್ಲ ಎಂದದ್ದು ಸಿಟ್ಟಲ್ಲ, ತೀರ್ಪೂ ಅಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದು.

ಮರುದಿನವೇ ಡಾಕ್ಟರ ಹತ್ತಿರ ಹೋದೆವು. ಅವರು ಸಮಾಧಾನವಾಗಿ ತಿಳಿಸಿ ಹೇಳಿದರು. ಕಣ್ಣು ಎರಡೂ ಚೆನ್ನಾಗಿವೆ. ಆದರೆ ಎಡಗಡೆಯಿಂದ ಬರುವುದನ್ನು ಮೆದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ತನಗೆ ಕಾಣುತ್ತಿಲ್ಲ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ, ಅದೇ ಈ ಕಾಯಿಲೆಯ ಕಷ್ಟ. ಕತ್ತು ತಿರುಗಿಸಿ ನೋಡುವುದನ್ನು ಅಭ್ಯಾಸ ಮಾಡಿಸಿ, ಎಡಗಡೆ ಕೂತು ಮಾತಾಡಿಸಿ, ಕರೆಯಿರಿ. ಎಷ್ಟು ಸರಿಹೋಗುತ್ತದೋ ನೋಡೋಣ.

ಅನಸೂಯಾಗೆ ಹೇಳಿದಾಗ ಅವಳು ಕೈ ಮುಗಿದು, "ನನ್ ಮ್ಯಾಲ ಸಿಟ್ಟಿಲ್ಲಲ್ರೀ ಅಮ್ಮಾರಿಗಿ, ಅಷ್ಟ ಸಾಕ್ ನೋಡ್ರಿ" ಎಂದಳು.

ಅವತ್ತು ಸಂಜೆ ಕ್ಯಾಮೆರಾ ಅಟ್ಟದಿಂದ ಇಳಿಯಿತು. ಇಳಿದ ಮೇಲೆ ನಮ್ಮ ಮಾವ ಪೂರ್ತಿ ಮತಾಂತರವಾದರು! ಭೂಮಿತಾಯಿಯನ್ನು ಎಬ್ಬಿಸಿ ನಿಲ್ಲಿಸಲು ನಾನ್ಯಾರು ಎನ್ನುತ್ತಿದ್ದವರು ಈಗ ಕಂಡಕಂಡದ್ದನ್ನೆಲ್ಲ ನಿಲ್ಲಿಸತೊಡಗಿದರು. ಅಗಲ ಕಡಿಮೆಯಿದ್ದರೆ ಅತ್ತೆಗೆ ಚಿತ್ರ ಪೂರ್ತಿ ಸಿಗುತ್ತಿತ್ತು. ಆದರೆ ಕ್ಯಾಮೆರಾ ತಿರುಗಿಸಿದ ಮಾತ್ರಕ್ಕೆ ಚಿತ್ರ ಬರುವುದಿಲ್ಲ ಎಂದು ಅವರಿಗೆ ಬೇಗನೆ ತಿಳಿಯಿತು. ಮಲಗಿದ ಫೋಟೊದಲ್ಲಿ ಎಲ್ಲವೂ ಪಂಕ್ತಿಗೆ ಕೂತ ಹಾಗೆ ಪಕ್ಕಪಕ್ಕದಲ್ಲಿ ಕೂರುತ್ತವೆ. ನಿಂತ ಫೋಟೊದಲ್ಲಿ ಹಾಗಲ್ಲ, ಕಾಲ ಬುಡದಿಂದ ಮೆಟ್ಟಿಲು ಹತ್ತಿದಂತೆ ಹೋಗಬೇಕು. ಮೊದಲು ಒಂದು ಕಲ್ಲು, ಅದರ ಮೇಲೆ ಗದ್ದೆ, ಅದರ ಮೇಲೆ ಬೆಟ್ಟ, ಕೊನೆಗೆ ಆಕಾಶ. ಬುಡದಲ್ಲಿ ಏನೂ ಇಲ್ಲದಿದ್ದರೆ ಬೆಟ್ಟ ಗಾಳಿಯಲ್ಲಿ ತೇಲುತ್ತದೆ. ಆ ಬುಡದ ಹುಲ್ಲಿಗಾಗಿ ಮಾವ ಯೇವೂರಿನ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಅಂಗಿ ಹಾಳು ಮಾಡಿಕೊಂಡು ಬರುತ್ತಿದ್ದರು.

ಎಲ್ಲಿಗೆ ಹೋದರೂ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದರು. ಅಭಿ ಡ್ರೈವರು, ನಾನು ಫ್ಲಾಸ್ಕು ಹೊರುವವಳು. ಒಬ್ಬರೇ ಹೋಗುವ ಮಾತೇ ಇಲ್ಲ. ಮಲಂಗಗಡಕ್ಕೂ ಮತ್ತೆ ಹೋದೆವು. ಬುಡದಲ್ಲಿ ಕಾಡುಹೂವು, ಮೇಲೆ ಹೊಲ, ತುದಿಯಲ್ಲಿ ಬೆಟ್ಟ. ಆ ಚಿತ್ರ ನೋಡಿ ಅತ್ತೆ, "ಉಪ್ಪು ಸರಿಯಿದೆ" ಎಂದಾಗ ಮಾವ ಕಾಫಿಗೆ ಎರಡು ಸಲ ಸಕ್ಕರೆ ಹಾಕಿದರು. ಬಾಲ್ಕನಿಯ ಪರದೆಯೂ ಸರಿಯಿತು. ಎರಡು ಟವರುಗಳ ನಡುವಿನ ಸಂದಿಯಲ್ಲಿ ನಿಂತ ಬೆಟ್ಟವನ್ನು ಅತ್ತೆ ಕುರ್ಚಿ ಹಾಕಿಕೊಂಡು ಪೂರ್ತಿಯಾಗಿ ನೋಡುತ್ತಿದ್ದರು.

ಚಳಿಗಾಲದ ಒಂದು ಭಾನುವಾರ ನಾನೇ ಬೇಲಾಪುರದ ಖಾಡಿಗೆ ಕರೆದುಕೊಂಡು ಹೋದೆ. ನನ್ನ ಆಫೀಸು ಅಲ್ಲೇ. ಬಸ್ಸಿನಿಂದ ಎಷ್ಟೋ ಸಲ ಆ ನೀರನ್ನು ನೋಡಿ ಮಾವನನ್ನು ನೆನೆದಿದ್ದೆ. ಸಮುದ್ರದ ಇಳಿತದ ಹೊತ್ತು. ಕೆಸರು, ನೀರು, ದೂರದಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೊಗಳ ಸಾಲು, ಆ ಕಡೆ ಕೆಸರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು. ಕಣ್ಣು ಹಾಯಿಸಿದಷ್ಟೂ ಅಗಲ. ಮಾವ ಅಭ್ಯಾಸಬಲದಿಂದ ಕ್ಯಾಮೆರಾವನ್ನು ಅಡ್ಡಕ್ಕೆ ಎತ್ತಿದರು. ಕಾರಿನಲ್ಲಿ ಕೂತ ಅತ್ತೆಯನ್ನು ಒಮ್ಮೆ ತಿರುಗಿ ನೋಡಿದರು. ಆಮೇಲೆ ಉದ್ದಕ್ಕೆ ತಿರುಗಿಸಿ ಹಿಡಿದರು. ಹಾಗೆ ತಿರುಗಿಸುವಾಗ ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು.

ಪ್ರಿಂಟು ಬಂದ ದಿನ ಅತ್ತೆಯ ಮುಂದೆ ಇಟ್ಟರು. ಅತ್ತೆ ನೋಡಿದರು.

"ಸಪ್ಪೆ," ಎಂದರು.

ಮಾವನಿಗೆ ಆ ಬೈಗುಳವೂ ಹಬ್ಬವೇ. "ಯಾಕೆ? ಪೂರ್ತಿ ಕಾಣತ್ತಲ್ಲ?"

"ಪೂರ್ತಿ ಎಲ್ಲಿ ಬಂತು? ಅವತ್ತು ನಾನು ಕಾರಲ್ಲಿ ಕೂತು, ಡಾಕ್ಟ್ರು ಹೇಳಿಕೊಟ್ಟ ಹಾಗೆ ಕತ್ತು ತಿರುಗಿಸಿ ತಿರುಗಿಸಿ ನೋಡಿದೆ. ಎಷ್ಟು ನೀರಿತ್ತು! ನೀವು ಅದನ್ನ ಒಂದು ಲೋಟದಲ್ಲಿ ಹಿಡ್ಕೊಂಡು ಬಂದಿದೀರಿ. ಇದು ಮಲಗೋ ಫೋಟೊ ರೀ. ಯಾಕೆ ನಿಲ್ಲಿಸಿದ್ರಿ?"

"ನಿನಗೆ ಕಾಣ್ಲಿ ಅಂತ."

"ನನಗೆ ಕಾಣ್ಲಿ ಅಂತ ನೀರನ್ನ ಕತ್ತರಿಸ್ತೀರಾ?" ಅತ್ತೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಬೆಟ್ಟ ನಿಲ್ಲತ್ತೆ, ನಿಲ್ಲಿಸಿ. ನೀರು ಮಲಗತ್ತೆ, ಮಲಗಿಸಿ. ನನಗೋಸ್ಕರ ಅಂತ ಸುಳ್ಳು ಫೋಟೊ ತೆಗೀಬೇಡಿ. ನನ್ನ ಕತ್ತು ಇರೋದು ಯಾತಕ್ಕೆ?"

ಮಾವ ಏನೋ ಹೇಳಲು ಹೊರಟರು. ಅತ್ತೆ ಬಿಡಲಿಲ್ಲ.

"ನಾಳೆ ಬೆಳಿಗ್ಗೆ ಹೋಗಿ. ನನ್ನನ್ನ ಕಟ್ಕೊಂಡು ಹೋಗಬೇಡಿ. ಮೊದಲೆಲ್ಲ ಹೋಗ್ತಿದ್ದ ಹಾಗೆ ಒಬ್ಬರೇ ಹೋಗಿ ಬನ್ನಿ. ನಾನೇನು ಬೀಳಲ್ಲ. ಬಿದ್ರೂ ಅನಸೂಯಾ ಇದಾಳೆ, ಸಂಯುಕ್ತಾ ಇದಾಳೆ. ಅವತ್ತು ನೀವು ಹೋಗಿದ್ದಕ್ಕೆ ನಾನು ಬಿದ್ದದ್ದಲ್ಲ ರೀ."

ಮಾವ ವರ್ಷದ ಮೇಲೆ ಕಾದಿದ್ದ ಮಾತು ಅದೇ ಇರಬೇಕು. ಅವರು ಎದ್ದು ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಹಾಕಿದರು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಟ್ರೈನು ಹಿಡಿದು ಹೋಗಿಯಾಗಿತ್ತು. ಆಫೀಸಿಗೆ ಹೋಗಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದರೆ ಅತ್ತೆ ಆರಾಮಾಗಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಆ ವಾರದ ಕೊನೆಗೆ ದೊಡ್ಡ ಪ್ರಿಂಟು ಮನೆಗೆ ಬಂತು. ಮಲಗಿದ ಫೋಟೊ. ಮಾವ ಅದನ್ನು ಊಟದ ಮೇಜಿನ ಮೇಲೆ ಗೋಡೆಗೆ ಒರಗಿಸಿ, ಅತ್ತೆಯನ್ನು ಅದರ ಮುಂದೆ ಕೂರಿಸಿದರು. ತಾವು ಕುರ್ಚಿ ಎಳೆದುಕೊಂಡು ಅತ್ತೆಯ ಎಡಗಡೆ ಕೂತರು.

ಅತ್ತೆ ಬಲದಿಂದ ಶುರು ಮಾಡಿದರು. ದಾರಿ ತಪ್ಪದ ಹಾಗೆ ಬೆರಳನ್ನು ಚಿತ್ರದ ಮೇಲೆ ಸರಿಸುತ್ತ ಹೋದರು.

"ನೀರು," ಎಂದರು. "ನೀರು. ಇಲ್ಲೊಂದು ದೋಣಿ, ಕೆಸರಲ್ಲಿ ಸಿಕ್ಕಿಕೊಂಡಿದೆ ಪಾಪ. ಮತ್ತೆ ನೀರು. ಬಿಸಿಲು ಬಿದ್ದಿದೆ ಇಲ್ಲಿ. ಒಂದು ಹಕ್ಕಿ." ಬೆರಳು ನಡುವಿಗೆ ಬಂದು ನಿಂತಿತು. ಅಲ್ಲಿಗೆ ಮುಗಿಯಿತು ಎಂದು ಅವರ ಮುಖ ಹೇಳುತ್ತಿತ್ತು. ನನ್ನ ಬಾಯಿಗೆ ಬಂದ ಮಾತನ್ನು ಮಾವ ಕೈಸನ್ನೆಯಲ್ಲೇ ತಡೆದರು. ಅತ್ತೆ ಉಸಿರೆಳೆದುಕೊಂಡು, ಭಾರವಾದ ಬಾಗಿಲು ನೂಕುವ ಹಾಗೆ, ಕತ್ತನ್ನು ಎಡಕ್ಕೆ ತಿರುಗಿಸಿದರು.

"ಇನ್ನೊಂದು ಹಕ್ಕಿ. ಇನ್ನೊಂದು. ಅಬ್ಬಬ್ಬಾ, ಎಲ್ಲ ಇಲ್ಲಿ ಬಂದು ಸೇರ್ಕೊಂಡಿದಾವೆ! ಎಷ್ಟೊಂದು ಗುಲಾಬಿ ರೀ!" ಮಾವ ತಮ್ಮ ಶಾಸ್ತ್ರ ಬಿಟ್ಟಿರಲಿಲ್ಲ, ಯಜಮಾನನನ್ನು ಎಡಗಡೆಯೇ ಕೂರಿಸಿದ್ದರು. ಅತ್ತೆಯ ಬೆರಳು ಹಕ್ಕಿಗಳನ್ನು ದಾಟಿತು, ಚಿತ್ರದ ಅಂಚನ್ನು ದಾಟಿತು, ಮೇಜಿನ ತುದಿಗೆ ಬಂತು. ಅಲ್ಲಿ ಮಾವನ ಮೊಣಕೈ ಸಿಕ್ಕಿತು. ಕತ್ತು ಇನ್ನೂ ತಿರುಗಿತು. ಮೊಣಕೈ, ಭುಜ, ಕೊನೆಗೆ ಮುಖ.

"ಓ," ಎಂದರು ಅತ್ತೆ, "ಇಲ್ಲೇ ಇದೀರಾ!"

"ಇಲ್ಲೇ ಇದೀನಿ ಕಣೇ," ಎಂದರು ಮಾವ.

ಇಬ್ಬರೂ ಹಾಗೇ ನೋಡುತ್ತ ಕೂತರು. ನಾನು ಕಾಫಿಯ ನೆಪ ಮಾಡಿಕೊಂಡು ಅಡಿಗೆಮನೆ ಬಾಗಿಲಿಗೆ ಸರಿದೆ. ಕೊನೆಗೆ ಮಾವನೇ ತಡೆಯಲಾರದೆ ಕೇಳಿದರು, "ಉಪ್ಪು ಹೇಗಿದೆ ಹೇಳು."

"ತಾಳಿ ರೀ, ಅವಸರ ಮಾಡಬೇಡಿ," ಎಂದರು ಅತ್ತೆ. "ಇನ್ನೊಂದ್ಸಲ ನೋಡ್ತೀನಿ. ಈ ಸಲ ನಿಮ್ಮ ಕಡೆಯಿಂದ ಶುರು ಮಾಡ್ತೀನಿ."